ಕುಣಿಯುವ ಜಾತಿ, ನೋಡುವ ಜಾತಿ: ರಾಜಸ್ಥಾನದ ಜನಪದ ನೃತ್ಯಗಳ ಮರುಓದು

1

ಜಾನಪದ ಎಂಬ ಪದದೊಳಗೆ ಜನ ಇದ್ದಾರೆ, ಜಾತಿ ಇಲ್ಲ. ನಮ್ಮ ಜಾನಪದ ಅಧ್ಯಯನಕ್ಕೆ ಇದೊಂದು ದೊಡ್ಡ ಅನುಕೂಲ. 'ಇದು ಜನರ ಕಲೆ' ಅಂದುಬಿಟ್ಟರೆ ಆಯಿತು. ಯಾವ ಜನರದು, ಯಾರ ಅಂಗಳದಲ್ಲಿ ನಡೆಯಿತು, ಕರೆದವರು ಯಾರು, ಕೊಟ್ಟಿದ್ದೇನು, ಬರೋದಿಲ್ಲ ಅಂದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಳೆಲ್ಲ ಅಲ್ಲಿಗೆ ಮುಗಿದುಹೋಗುತ್ತವೆ. ಮುಗಿದುಹೋದ ಈ ಪ್ರಶ್ನೆಗಳನ್ನೇ ಮತ್ತೆ ಎತ್ತಿಕೊಂಡು ರಾಜಸ್ಥಾನದ ಜನಪದ ನೃತ್ಯಗಳನ್ನು ನೋಡಬೇಕೆಂಬುದು ನನ್ನ ಉದ್ದೇಶ. ರಾಜಸ್ಥಾನವೇ ಯಾಕೆ ಅಂದರೆ, ಇಂಡಿಯಾದಲ್ಲಿ 'ಜನಪದ ನೃತ್ಯ' ಎಂದ ಕೂಡಲೇ ಕಣ್ಣೆದುರು ಬರುವ ಚಿತ್ರ ಅಲ್ಲಿನದೇ: ಗಿರಗಿರನೆ ತಿರುಗುವ ಲಂಗ, ತಲೆಯ ಮೇಲೆ ಕೊಡ, ಹಿಂದೆ ಮರಳು ಮತ್ತು ಕೋಟೆ. ಕ್ಯಾಲೆಂಡರಿನಿಂದ ಹಿಡಿದು ನಮ್ಮ ಕಾಲೇಜುಗಳ ವಾರ್ಷಿಕೋತ್ಸವದವರೆಗೆ ಈ ಚಿತ್ರ ಬಂದು ಕೂತಿದೆ. ಇಷ್ಟು ಸಲೀಸಾಗಿ ದೇಶ ಸುತ್ತಿದ ಚಿತ್ರದಲ್ಲಿ ಅಳಿಸಿಹೋದದ್ದೂ ಅಷ್ಟೇ ಇರಬೇಕು.

ಮೊದಲಿಗೆ 'ರಾಜಸ್ಥಾನದ ಜನ' ಎಂಬ ಮಾತನ್ನೇ ನೋಡೋಣ. ಜೇಮ್ಸ್ ಟಾಡ್ ಎಂಬ ಕಂಪನಿ ಅಧಿಕಾರಿ 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಪುಸ್ತಕ ಈ ನೆಲವನ್ನು ರಜಪೂತ ಶೌರ್ಯದ ನೆಲವನ್ನಾಗಿ ಕಟ್ಟಿಕೊಟ್ಟಿತು. ಆಮೇಲೆ 1949ರಲ್ಲಿ ಸಂಸ್ಥಾನಗಳು ಸೇರಿ ರಾಜ್ಯವಾದಾಗ ಅದರ ಚಹರೆಗೆ ಬೇಕಾದದ್ದೂ ಕೋಟೆ, ಕತ್ತಿ, ರಾಣಿಯರೇ. ಆದರೆ 2011ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ಪರಿಶಿಷ್ಟ ಜಾತಿಯವರು ಶೇಕಡಾ 17.8, ಪರಿಶಿಷ್ಟ ಪಂಗಡದವರು ಶೇಕಡಾ 13.5. ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಈ ಒಂದು ಪಾಲು ಜನ ರಾಜ್ಯದ ಚರಿತ್ರೆಯ ಪುಟದಲ್ಲಿ ಕಾಣುವುದು ಕಡಿಮೆ. ಅದರ ಪ್ರವಾಸೋದ್ಯಮದ ಪುಟದಲ್ಲಿ ಮಾತ್ರ ತುಂಬಿ ತುಳುಕುತ್ತಾರೆ, ಅದೂ ಕುಣಿಯುತ್ತ.

ನೃತ್ಯಗಳ ಪಟ್ಟಿಯನ್ನು ಒಂದು ಕಡೆ, ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ಇನ್ನೊಂದು ಕಡೆ ಇಟ್ಟು ಓದಿದರೆ ವಿಷಯ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕಾಲಬೇಲಿಯಾ ನೃತ್ಯ ಹಾವಾಡಿಗರಾದ ಕಾಲಬೇಲಿಯಾಗಳದು. ತೇರಾತಾಲಿ ಕಾಮಡ್ ಸಮುದಾಯದ ಹೆಂಗಸರದು. ಹಾಡೋತಿ ಸೀಮೆಯ, ಅಂದರೆ ಕೋಟಾ, ಬಾರಾಂ ಕಡೆಯ ಚಕ್ರಿ ಕುಣಿತ ಕಂಜರರ ಹೆಣ್ಣುಮಕ್ಕಳದು. ರಾವಣಹತ್ತಾ ಬಾರಿಸುತ್ತ, ಗೆಜ್ಜೆ ಕಟ್ಟಿ ಪಾಬೂಜಿಯ ಚಿತ್ರಪಟದ ಮುಂದೆ ರಾತ್ರಿಯಿಡೀ ಹಾಡಿ ಹೆಜ್ಜೆ ಹಾಕುವ ಭೋಪಾಗಳು ನಾಯಕ್ ಅಥವಾ ಥೋರಿ ಜಾತಿಯವರು. ಕಾಲಬೇಲಿಯಾ, ಕಾಮಡ್, ಕಂಜರ್, ಥೋರಿ, ನಟ, ಭಾಂಡ ಎಲ್ಲವೂ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿವೆ. ಒಂದು ರಾಜ್ಯ ತನ್ನ 'ಸಂಸ್ಕೃತಿ' ಎಂದು ಹೊರಗಿನವರಿಗೆ ತೋರಿಸುವ ಕಲೆಯ ಬಹುಪಾಲನ್ನು ಯಾರ ಮೈಯಿಂದ ಪಡೆದುಕೊಂಡಿದೆಯೋ, ಅವರನ್ನೇ ಊರಾಚೆ ಇಟ್ಟಿದೆ. ಇದು ಆಕಸ್ಮಿಕವೇ?

2

ಆಕಸ್ಮಿಕವಲ್ಲ ಅನ್ನುವುದಕ್ಕೆ ಕಚ್ಛೀ ಘೋಡಿ ಎಂಬ ಒಂದೇ ಕುಣಿತ ಸಾಕು. ಶೇಖಾವಾಟಿ ಸೀಮೆಯಲ್ಲಿ ಮದುವೆಯ ದಿಬ್ಬಣದ ಮುಂದೆ ನಡೆಯುವ ಕುಣಿತ ಇದು. ಬಿದಿರಿನ ಚೌಕಟ್ಟಿಗೆ ಬಟ್ಟೆ ಹೊದಿಸಿ, ಕನ್ನಡಿ ಚೂರು ಹೊಲಿದು ಕುದುರೆ ಮಾಡುತ್ತಾರೆ. ಕುಣಿಯುವವನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಸವಾರನಾಗುತ್ತಾನೆ. ನಮ್ಮ ಕಡೆಯ ಕೀಲುಕುದುರೆಯನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇದನ್ನು ಕುಣಿಯುವವರು ಸರಗರಾ, ಭಾಂಬಿ, ಬಾವರಿಯಾ ಮುಂತಾದ ಕೆಳಜಾತಿಗಳವರು. ಹಾಡುಗಳಲ್ಲಿ ಬರುವುದು ಉಳ್ಳವರನ್ನು ದೋಚಿ ಇಲ್ಲದವರಿಗೆ ಹಂಚಿದ ಬಾವರಿಯಾ ದರೋಡೆಕೋರರ ಕಥೆ. ಹಾಡಿನಲ್ಲಿ ನಾಯಕನಾದ ಈ ಬಾವರಿಯಾನನ್ನೇ ಬ್ರಿಟಿಷ್ ಆಡಳಿತ ಹುಟ್ಟಿನಿಂದಲೇ ಅಪರಾಧಿ ಎಂದು ಪಟ್ಟಿ ಮಾಡಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತಾದರೂ ಪೊಲೀಸ್ ಠಾಣೆಯ ನೆನಪಿನಿಂದ ಅದು ರದ್ದಾಗಲಿಲ್ಲ.

ಈಗ ಈ ಬಿದಿರಿನ ಕುದುರೆಯ ಪಕ್ಕದಲ್ಲಿ ಜೀವಂತ ಕುದುರೆಯೊಂದನ್ನು ತಂದು ನಿಲ್ಲಿಸಿ. ಅದೇ ರಾಜಸ್ಥಾನದಲ್ಲಿ ದಲಿತ ಮದುಮಗ ಕುದುರೆ ಏರಿ ಊರೊಳಗೆ ಬಂದರೆ ಕಲ್ಲು ಬೀಳುತ್ತದೆ. 2022ರಲ್ಲಿ ಬೂಂದಿ ಜಿಲ್ಲೆಯ ಪೊಲೀಸರು 'ಆಪರೇಷನ್ ಸಮಾನತಾ' ಎಂದು ಹೆಸರಿಟ್ಟು, ದಲಿತ ಮದುಮಗರಿಗೆ ಕುದುರೆ ಏರಲು ಕಾವಲು ಕೊಡಬೇಕಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಜೈಪುರ ಜಿಲ್ಲೆಯಲ್ಲಿ ಮದುವೆಯಾದ ದಲಿತ ಸಮುದಾಯದ ಐಪಿಎಸ್ ಅಧಿಕಾರಿಯೊಬ್ಬರ ದಿಬ್ಬಣವೂ ಪೊಲೀಸ್ ಪಹರೆಯಲ್ಲೇ ನಡೆಯಿತು. ಪೊಲೀಸ್ ಅಧಿಕಾರಿಯ ಮದುವೆಗೇ ಪೊಲೀಸ್ ಕಾವಲು!

ಈ ಎರಡನ್ನೂ ಬೇರೆ ಬೇರೆ ವಿಭಾಗದವರು ಓದುತ್ತಾರೆ ಎಂಬುದೇ ನಮ್ಮ ವಿದ್ವತ್ತಿನ ಕಾಯಿಲೆ. ಕಚ್ಛೀ ಘೋಡಿ ಜಾನಪದ ವಿಭಾಗಕ್ಕೆ, ಕಲ್ಲೇಟು ಸಮಾಜಶಾಸ್ತ್ರ ವಿಭಾಗಕ್ಕೆ. ಒಂದಕ್ಕೆ ಬಣ್ಣದ ಫೋಟೋ, ಇನ್ನೊಂದಕ್ಕೆ ಎಫ್‌ಐಆರ್ ನಂಬರು. ಆದರೆ ಊರಿನ ಕಣ್ಣಿಗೆ ಎರಡೂ ಒಂದೇ ನಿಯಮ. ಇನ್ನೊಬ್ಬರ ಮದುವೆಯಲ್ಲಿ ಹುಸಿ ಕುದುರೆ ಏರು, ಚಪ್ಪಾಳೆ ತಟ್ಟುತ್ತೇವೆ. ನಿನ್ನ ಮದುವೆಯಲ್ಲಿ ನಿಜದ ಕುದುರೆ ಏರಬೇಡ. ಈ ನಿಯಮವನ್ನು ಕಾಣದ ಜಾನಪದ ವಿಮರ್ಶೆ ಎಷ್ಟೇ ವಿವರಗಳನ್ನು ಕಲೆಹಾಕಲಿ, ಅದು ಊರಿನ ಯಜಮಾನನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದ ವಿಮರ್ಶೆಯೇ.

3

ಮೇಲುಜಾತಿಗಳು ಕುಣಿಯುವುದೇ ಇಲ್ಲವೆ? ಕುಣಿಯುತ್ತಾರೆ. ಘೂಮರ್ ಇದೆಯಲ್ಲ. ಮೂಲದಲ್ಲಿ ಭಿಲ್ಲರದೆಂದು ಹೇಳಲಾಗುವ ಈ ವೃತ್ತಾಕಾರದ ನೃತ್ಯ ಅರಮನೆ ಸೇರಿ ರಜಪೂತ ಹೆಣ್ಣುಮಕ್ಕಳ ನೃತ್ಯವಾಯಿತು. ಗಣಗೌರ್ ಹಬ್ಬದಲ್ಲಿ, ಮದುವೆಯಲ್ಲಿ ಹೆಂಗಸರು ಹೆಂಗಸರ ನಡುವೆಯೇ ಕುಣಿಯುತ್ತಾರೆ. 2018ರ ಜನವರಿಯಲ್ಲಿ 'ಪದ್ಮಾವತ್' ಸಿನಿಮಾ ಬಿಡುಗಡೆಯಾಗುವ ಹೊತ್ತಿಗೆ ಎದ್ದ ಗಲಾಟೆಯನ್ನು ನೆನಪಿಸಿಕೊಳ್ಳಿ. ಕರಣಿ ಸೇನೆಯವರ ಆಕ್ಷೇಪಗಳಲ್ಲಿ ಒಂದು, ರಾಣಿ ಹೀಗೆ ಜನರೆದುರು ಕುಣಿಯುತ್ತಾಳೆಯೇ ಎಂಬುದು. ಕೊನೆಗೆ ಘೂಮರ್ ಹಾಡಿನಲ್ಲಿ ನಟಿಯ ಸೊಂಟವನ್ನು ಕಂಪ್ಯೂಟರಿನಲ್ಲಿ ಬಟ್ಟೆ ಹೊದಿಸಿ ಮುಚ್ಚಲಾಯಿತು.

ಆಗ ನಡೆದ ಚರ್ಚೆ ಬಹುತೇಕ ಅಭಿವ್ಯಕ್ತಿ ಸ್ವಾತಂತ್ರ್ಯದ ಸುತ್ತ, ಚರಿತ್ರೆಯ ಸತ್ಯಾಸತ್ಯದ ಸುತ್ತ ನಡೆಯಿತು. ಆ ಆಕ್ಷೇಪದ ಒಳಗೇ ಜಾತಿಯ ಒಂದು ವ್ಯಾಕರಣ ಇತ್ತೆಂಬುದನ್ನು ಗಮನಿಸಿದವರು ಕಡಿಮೆ. ರಾಣಿ ಅನ್ಯರೆದುರು ಕುಣಿಯುವುದು ಅವಮಾನ ಅನ್ನುವುದಾದರೆ, ಅನ್ಯರೆದುರು ಕುಣಿಯುವ ಕೆಲಸ ಯಾರದು? ಅದಕ್ಕೆಂದೇ ಜಾತಿಗಳಿವೆ ಎಂಬುದು ಆ ಮಾತಿನ ಹೇಳದೆ ಬಿಟ್ಟ ಅರ್ಧ. ತಮಗಾಗಿ ಕುಣಿಯುವವರು ಮತ್ತು ಇತರರಿಗಾಗಿ ಕುಣಿಯಬೇಕಾದವರು ಎಂಬ ಈ ಭೇದ ಮಡಿ-ಮೈಲಿಗೆಯಷ್ಟೇ ಗಟ್ಟಿಯಾದದ್ದು. ಗಂಡಸಿನ ನೋಟದಿಂದ ರಜಪೂತ ಹೆಣ್ಣನ್ನು ಪರದೆಯೊಳಗೆ ಮುಚ್ಚಿಟ್ಟ ವ್ಯವಸ್ಥೆಯೇ ಕಂಜರ ಹೆಣ್ಣನ್ನು ಅದೇ ನೋಟದ ಎದುರಿಗೆ ತಂದು ನಿಲ್ಲಿಸಿತು. ಎರಡೂ ಹೆಣ್ಣಿನ ಮೇಲಿನ ಅಧಿಕಾರವೇ. ಆದರೆ ಎರಡನೆಯವಳ ಸೊಂಟ ಮುಚ್ಚಿ ಅಂತ ಯಾವ ಸೇನೆಯೂ ಬೀದಿಗಿಳಿಯಲಿಲ್ಲ.

4

ಕಾಲಬೇಲಿಯಾ ನೃತ್ಯದ ವಿಷಯಕ್ಕೆ ಬರುತ್ತೇನೆ. 2010ರಲ್ಲಿ ಯುನೆಸ್ಕೊ 'ಕಾಲಬೇಲಿಯಾ ಜನಪದ ಹಾಡು ಮತ್ತು ನೃತ್ಯ'ವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಂದಾಚೆಗೆ ಎಲ್ಲರೂ ಇದನ್ನು 'ಪ್ರಾಚೀನ ಪರಂಪರೆ' ಅನ್ನುತ್ತಾರೆ. ಈ 'ಪ್ರಾಚೀನ'ದ ಬಗ್ಗೆ ನನಗೆ ತಕರಾರಿದೆ.

ಕಾಲಬೇಲಿಯಾಗಳು ಗೋರಖನಾಥ ಪರಂಪರೆಗೆ ಸೇರಿದ ಅಲೆಮಾರಿಗಳು. ಗಂಡಸರು ಬುಟ್ಟಿಯಲ್ಲಿ ಹಾವು ಹೊತ್ತು ಊರೂರು ಸುತ್ತಿ ಪುಂಗಿ ಊದುತ್ತಿದ್ದರು. ಯಾರ ಮನೆಯಲ್ಲಾದರೂ ಹಾವು ಕಂಡರೆ ಹಿಡಿಯುತ್ತಿದ್ದರು, ವಿಷಕ್ಕೆ ಔಷಧಿ ಕೊಡುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಾವು ಹಿಡಿಯುವುದನ್ನು ಅಪರಾಧ ಮಾಡಿತು. ಕಾಡುಜೀವ ಉಳಿಯಬೇಕು, ಸರಿ. ಆದರೆ ಹಾವಿಗೆ ರಕ್ಷಣೆ ಕೊಟ್ಟ ಪ್ರಭುತ್ವ ಹಾವಾಡಿಗನ ಹೊಟ್ಟೆಗೆ ಏನು ಕೊಟ್ಟಿತು? ಈ ಶೂನ್ಯದೊಳಗಿಂದ ಹೆಂಗಸರು ಎದ್ದು ಬಂದರು. ಹೋಳಿಯಲ್ಲಿ, ಮದುವೆಯಲ್ಲಿ ತಮ್ಮವರ ನಡುವೆ ಕುಣಿಯುತ್ತಿದ್ದುದನ್ನೇ ವೇದಿಕೆಗೆ ತಕ್ಕಂತೆ ಮರುಕಟ್ಟಿದರು. ಕನ್ನಡಿ ಹೊಲಿದ ಕಪ್ಪು ಲಂಗ, ಬಳುಕಿ ಹಿಂದಕ್ಕೆ ಬಾಗಿ ನೆಲದ ಮೇಲಿನ ವಸ್ತುವನ್ನು ಕಣ್ಣರೆಪ್ಪೆಯಿಂದ ಎತ್ತುವ ಕಸರತ್ತು, ಉಸಿರುಗಟ್ಟುವ ವೇಗದ ಸುತ್ತು ಇವೆಲ್ಲ ಕೂಡಿ ಇವತ್ತು ನಾವು 'ಕಾಲಬೇಲಿಯಾ ನೃತ್ಯ' ಎಂದು ಗುರುತಿಸುವ ವೇದಿಕೆಯ ರೂಪ ಮೈದಳೆದದ್ದು ಮುಖ್ಯವಾಗಿ 1980ರ ದಶಕದಲ್ಲಿ.

ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಗುಲಾಬೋ ಸಪೇರಾ ಅವರ ಕಥೆ ಎಲ್ಲರಿಗೂ ಗೊತ್ತಿರುವಂಥದು. ಹುಟ್ಟಿದಾಗ ಹೆಣ್ಣು ಅನ್ನುವ ಕಾರಣಕ್ಕೆ ಮಣ್ಣಲ್ಲಿ ಹೂತಿದ್ದರು, ಚಿಕ್ಕಮ್ಮ ಹೊರತೆಗೆದು ಉಳಿಸಿದಳು ಎಂದು ಅವರೇ ಹೇಳಿಕೊಂಡಿದ್ದಾರೆ. ಪುಷ್ಕರ ಜಾತ್ರೆಯಲ್ಲಿ ಕುಣಿಯುತ್ತಿದ್ದ ಹುಡುಗಿ 1985ರಲ್ಲಿ ಅಮೆರಿಕದ ಭಾರತ ಉತ್ಸವದಲ್ಲಿ ಕುಣಿದರು. 2016ರಲ್ಲಿ ಪದ್ಮಶ್ರೀ ಬಂತು. ವೇದಿಕೆ ಹತ್ತಿದ್ದಕ್ಕೆ ಮೊದಮೊದಲು ತಮ್ಮ ಸಮುದಾಯದವರಿಂದಲೇ ವಿರೋಧ ಎದುರಿಸಿದರು.

ನನ್ನ ತಕರಾರು ಇಷ್ಟೇ. ಇದನ್ನು 'ಪರಂಪರೆ' ಅಂದ ಕೂಡಲೇ ಇದಕ್ಕೆ ಕರ್ತೃ ಇಲ್ಲದಂತಾಗುತ್ತದೆ. ಬ್ರಾಹ್ಮಣನೊಬ್ಬ ಹೊಸ ರಾಗ ಕಟ್ಟಿದರೆ ಅವನು ವಾಗ್ಗೇಯಕಾರ, ಅವನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ಓದು ಬರಹ ಇಲ್ಲದ ಹಾವಾಡಿಗರ ಹೆಂಗಸರು ಹಸಿವಿನ ಎದುರು ನಿಂತು ಒಂದು ಆಧುನಿಕ ನೃತ್ಯಪ್ರಕಾರವನ್ನೇ ಸೃಷ್ಟಿಸಿದರೆ ಅದು 'ರಕ್ತಗತ'. ಹಾವಿನಂತೆ ಬಳುಕುತ್ತಾರೆ, ಅವರ ಮೈಯೇ ಹಾಗೆ ಅಂದುಬಿಡುತ್ತೇವೆ. ಬುದ್ಧಿಗೆ ಸಲ್ಲಬೇಕಾದ ಗೌರವವನ್ನು ಮೈಗೆ ವರ್ಗಾಯಿಸುವುದು ಜಾತಿಯ ಹಳೇ ಚಾಳಿ. ಗುಲಾಬೋ ಮತ್ತು ಅವರ ಓರಗೆಯ ಹೆಂಗಸರನ್ನು ಪರಂಪರೆಯ ವಾರಸುದಾರರು ಎಂದು ಹೊಗಳುವುದಕ್ಕಿಂತ ಹೊಸದನ್ನು ಕಟ್ಟಿದ ಕಲಾವಿದರು ಎಂದು ಓದುವುದು ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ.

ಹೆಗ್ಗಳಿಕೆಯ ಆಚೆ ಇನ್ನೊಂದು ಸಂಗತಿಯಿದೆ. ಕಾಲಬೇಲಿಯಾಗಳು ಸತ್ತವರನ್ನು ಹೂಳುತ್ತಾರೆ. ಎಷ್ಟೋ ಊರುಗಳಲ್ಲಿ ಅವರಿಗೆ ಸ್ಮಶಾನಕ್ಕೆ ಜಾಗವಿಲ್ಲ. ಇದ್ದ ಗುಡಿಸಲ ಪಕ್ಕದಲ್ಲೇ, ಕೆಲವೊಮ್ಮೆ ಮನೆಯೊಳಗೇ ಹೂಳಬೇಕಾಗಿ ಬಂದದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ. ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಜಾಗ ಸಿಕ್ಕ ಸಮುದಾಯಕ್ಕೆ ಊರ ಪಹಣಿಯಲ್ಲಿ ಆರಡಿ ಮೂರಡಿ ಜಾಗ ಸಿಗಲಿಲ್ಲ.

5

ತೇರಾತಾಲಿಯ ವಿಷಯ ಇನ್ನೊಂದು ಬಗೆಯದು. ಕಾಮಡ್ ಹೆಂಗಸರು ನೆಲದ ಮೇಲೆ ಕೂತೇ ಮಾಡುವ ನೃತ್ಯ ಅದು. ಹದಿಮೂರು ಹಿತ್ತಾಳೆ ತಾಳಗಳು. ಒಂಬತ್ತನ್ನು ಬಲಗಾಲಿಗೆ, ಎರಡನ್ನು ತೋಳುಗಳಿಗೆ ಕಟ್ಟಿಕೊಂಡು, ಉಳಿದೆರಡನ್ನು ಕೈಯಲ್ಲಿ ಹಿಡಿದು, ದಾರದ ತುದಿಯ ತಾಳವನ್ನು ಬೀಸಿ ಮೈಮೇಲಿನ ಒಂದೊಂದು ತಾಳಕ್ಕೂ ತಾಗಿಸಿ ಲಯ ಎಬ್ಬಿಸುತ್ತಾರೆ. ಬಾಯಲ್ಲಿ ಕತ್ತಿ, ತಲೆಯ ಮೇಲೆ ಕೊಡ. ಗಂಡಸರು ತಂಬೂರ ಹಿಡಿದು ರಾಮದೇವನ ಪದ ಹಾಡುತ್ತಾರೆ.

ಈ ರಾಮದೇವ ಯಾರು? ರಾಮದೇವರಾದಲ್ಲಿ ಸಮಾಧಿಯಾದ, ತೋಮರ್ ರಜಪೂತ ಮನೆತನದ ಸಂತ. ಮುಸಲ್ಮಾನರಿಗೆ ರಾಮಸಾ ಪೀರ್. ಮೇಘವಾಲರು ಅವನ ದೊಡ್ಡ ಭಕ್ತವರ್ಗ. ಅವನ ಸಮಾಧಿಯ ಹತ್ತಿರವೇ ಮೇಘವಾಲ ಹೆಣ್ಣುಮಗಳು ಡಾಲೀಬಾಯಿಯ ಸಮಾಧಿಯಿದೆ. ಹಾಗಾಗಿ ತೇರಾತಾಲಿಯನ್ನು ಬರೀ ಊಳಿಗದ ಕುಣಿತ ಅನ್ನಲಾಗದು. ಅಸ್ಪೃಶ್ಯರು ದೇವರ ಜೊತೆ ನೇರವಾಗಿ, ನಡುವೆ ಪುರೋಹಿತನಿಲ್ಲದೆ ಮಾತಾಡಿದ ನೆನಪು ಅದರ ಲಯದಲ್ಲಿದೆ. ಈ ಭಕ್ತಿಯ ಒಡಲಿನಿಂದ ಬೇರ್ಪಡಿಸಿ, ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಊಟದ ಹೊತ್ತಿಗೆ ಹತ್ತು ನಿಮಿಷ ಕೂರಿಸಿದಾಗ ಉಳಿಯುವುದು ಕತ್ತಿ ಮತ್ತು ಕೊಡ ಮಾತ್ರ.

ಹಾಗಂತ ಭಕ್ತಿಯ ಹೆಸರಲ್ಲಿ ಎಲ್ಲವನ್ನೂ ಮಾಫಿ ಮಾಡಲೂ ಬರುವುದಿಲ್ಲ. 2017ರಲ್ಲಿ ಜೈಸಲ್ಮೇರ್ ಜಿಲ್ಲೆಯ ದಾಂತಲ್ ಎಂಬ ಊರಲ್ಲಿ ನವರಾತ್ರಿಯ ಹೊತ್ತು ಮಾಂಗಣಿಯಾರ್ ಗಾಯಕನೊಬ್ಬನ ಕೊಲೆಯಾಯಿತು. ದೇವಿ ಮೈಮೇಲೆ ಬರುವಂತೆ ಅವನು ಸರಿಯಾಗಿ ಹಾಡಲಿಲ್ಲ ಎಂದು ದೇವಿಯ ಭೋಪಾ ಸಿಟ್ಟಾದದ್ದೇ ಕಾರಣ ಎಂಬುದು ಆರೋಪ. ಊರಿನ ಸುಮಾರು 200 ಮಂದಿ ಮಾಂಗಣಿಯಾರರು ಊರನ್ನೇ ಬಿಟ್ಟು ಹೋದರು. ದೇಶವಿದೇಶದ ವೇದಿಕೆಗಳಲ್ಲಿ ಮಾಂಗಣಿಯಾರರಿಗೆ ಎದ್ದು ನಿಂತು ಚಪ್ಪಾಳೆ ತಟ್ಟುವ ಕಾಲದಲ್ಲಿಯೇ ಇದು ನಡೆದದ್ದು. ಹಾಡು ಚೆನ್ನಾಗಿರಲಿಲ್ಲ ಅನ್ನುವುದು ವಿಮರ್ಶೆಯ ಮಾತು. ಯಜಮಾನಿಕೆಯ ನೆಲೆಯಲ್ಲಿ ಅದೇ ಮಾತು ಮರಣದಂಡನೆಯಾಗಬಲ್ಲುದು ಎಂಬುದನ್ನು ನಾವು, ವಿಮರ್ಶೆ ಬರೆಯುವವರು, ಮರೆಯಬಾರದು.

1952ರಲ್ಲಿ ಉದಯಪುರದಲ್ಲಿ ದೇವೀಲಾಲ್ ಸಾಮರ್ ಭಾರತೀಯ ಲೋಕಕಲಾ ಮಂಡಲ ಕಟ್ಟಿದರು. 1960ರಲ್ಲಿ ಕೋಮಲ್ ಕೊಠಾರಿ ಮತ್ತು ವಿಜಯದಾನ್ ದೇಥಾ ಬೋರುಂದಾದಲ್ಲಿ ರೂಪಾಯನ ಸಂಸ್ಥಾನ ಕಟ್ಟಿದರು. ಇವರ ದುಡಿಮೆ ದೊಡ್ಡದು. ಲಂಗಾ, ಮಾಂಗಣಿಯಾರರನ್ನು ಯಜಮಾನನ ಅಂಗಳದಿಂದಾಚೆಗೆ ಕರೆದೊಯ್ದು ವೇದಿಕೆಯ ಮೇಲೆ ಕಲಾವಿದರಾಗಿ ಕೂರಿಸಿದ್ದರಲ್ಲಿ ಕೊಠಾರಿಯವರ ಪಾಲು ಹಿರಿದು. ಆದರೆ ಅಂಗಳದಿಂದ ಆಚೆ ಬಂದ ಕಲಾವಿದ ರಾತ್ರಿ ವಾಪಸ್ ಹೋಗುವುದು ಅದೇ ಊರಿಗೆ.

6

ಹಾಗಾದರೆ ಕೆಳಗಿನವರು ತಮಗಾಗಿಯೇ ಕುಣಿದದ್ದು ಇಲ್ಲವೇ ಇಲ್ಲವೆ? ಇದೆ. ಮೇವಾಡದ ಭಿಲ್ಲರ ಗವರಿ. ರಾಖಿ ಹುಣ್ಣಿಮೆ ಕಳೆದ ಮೇಲೆ ಸುಮಾರು 40 ದಿನ, ಉದಯಪುರ, ರಾಜಸಮಂದ್ ಕಡೆಯ ಭಿಲ್ಲ ಗಂಡಸರು ಕೂಲಿ ಕೆಲಸ ಬಿಟ್ಟು, ವ್ರತ ಹಿಡಿದು ಊರೂರು ಸುತ್ತಿ ಆಡುತ್ತಾರೆ. ಕಾಲಿಗೆ ಚಪ್ಪಲಿ ಇಲ್ಲ, ಹೆಂಡ ಇಲ್ಲ, ಹಸಿರು ತರಕಾರಿ ಇಲ್ಲ, ಮಲಗುವುದು ನೆಲದ ಮೇಲೆ. ತಮ್ಮ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳಿಗೆ ಹೋಗಿ ಆಡುತ್ತಾರೆ. ಮುಖವಾಡ ತೊಟ್ಟ ಬುಡಿಯಾ, ಇಬ್ಬರು ರಾಯಿಯರು, ಕಥೆ ಹೇಳುವ ಕುಟಕಡಿಯಾ. ನಡುನಡುವೆ ರಾಜನನ್ನು, ಬಡ್ಡಿ ವ್ಯಾಪಾರಿ ಬನಿಯಾನನ್ನು, ಅಧಿಕಾರಿಯನ್ನು ಯದ್ವಾತದ್ವಾ ಗೇಲಿ ಮಾಡುವ ಪ್ರಸಂಗಗಳು. ಇಲ್ಲಿ ಕರೆದು ಕುಣಿಸುವ ಯಜಮಾನ ಇಲ್ಲ. ದೇವಿ ಗೋರಜ್ಯಾ ಹೇಳಿದಳು, ಕುಣಿದೆವು, ಅಷ್ಟೇ.

ಗವರಿಯನ್ನು ಅತಿಯಾಗಿ ರಮ್ಯಗೊಳಿಸುವುದು ಬೇಡ. ಅಲ್ಲಿ ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುತ್ತಾರೆ. ಹೆಣ್ಣುದೇವತೆಯ ಆಟದಲ್ಲಿ ಹೆಣ್ಣಿಗೆ ಜಾಗ ನೋಡುವವಳದು ಮಾತ್ರ. ಆದರೂ ನನ್ನ ವಾದಕ್ಕೆ ಗವರಿ ಮುಖ್ಯ. ಒಂದೇ ರಾಜ್ಯದೊಳಗೆ ಒಂದು ಕುಣಿತ ಯಜಮಾನನ ಮರ್ಜಿಯಲ್ಲಿ ಬದುಕಿದೆ, ಇನ್ನೊಂದು ಯಜಮಾನನನ್ನೇ ನಗೆಪಾಟಲು ಮಾಡಿ ಬದುಕಿದೆ. ಎರಡನ್ನೂ 'ರಾಜಸ್ಥಾನದ ವರ್ಣರಂಜಿತ ಜನಪದ ನೃತ್ಯಗಳು' ಎಂಬ ಒಂದೇ ಗೋಣಿಚೀಲಕ್ಕೆ ತುಂಬಿದರೆ ವಿಮರ್ಶೆಗೆ ಉಳಿಯುವ ಕೆಲಸ ಏನು?

7

ಇಷ್ಟು ಹೇಳಿದ ಮೇಲೆ ಚಳವಳಿಯ ಗೆಳೆಯರು ಕೇಳುವ ಪ್ರಶ್ನೆ ನನಗೆ ಗೊತ್ತು. 'ಹಂಗಾದ್ರೆ ಇವನ್ನೆಲ್ಲ ಬಿಸಾಕಬೇಕೋ, ಇಟ್ಕೋಬೇಕೋ?' ಇದು ನಮ್ಮಲ್ಲಿ ಹಲಗೆ, ತಮಟೆಯ ಸುತ್ತ ದಲಿತ ಚಳವಳಿ ಶುರುವಾದಾಗಿಂದಲೂ ಇರುವ ಪ್ರಶ್ನೆ. ಹೆಣದ ಮುಂದೆ, ಊರಹಬ್ಬದಲ್ಲಿ ಬಿಟ್ಟಿ ಬಾರಿಸುವುದಿಲ್ಲ ಅಂದವರು ಒಂದು ಕಡೆ. ಅದೇ ತಮಟೆಯನ್ನು ಮೆರವಣಿಗೆಯ ಮುಂದೆ ಹೋರಾಟದ ದನಿಯಾಗಿ ಬಾರಿಸಿದವರು ಇನ್ನೊಂದು ಕಡೆ. 2023ರಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ಎರಡೂ ಕಡೆಯವರು ಖುಷಿಪಟ್ಟರು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ತರಗತಿಯಲ್ಲಿ ಒಮ್ಮೆ ಜಾನಪದ ಕಲೆಗಳ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಹೇಳಿದ: 'ಸಾರ್, ಪುಸ್ತಕದಾಗೆ ಇದನ್ನ ಕಲೆ ಅಂತ ಬರ್ದವ್ರೆ. ನಮ್ಮೂರಾಗೆ ಇದನ್ನ ಕೆಲ್ಸ ಅಂತಾರೆ. ನಮ್ಮಪ್ಪ ಜ್ವರ ಬಂದಿದ್ರೂ ಹೋಗ್ಬೇಕು.' ಕಲೆ ಮತ್ತು ಕೆಲಸದ ನಡುವಿನ ಗೆರೆಯನ್ನು ಇಷ್ಟು ಖಚಿತವಾಗಿ ಎಳೆದ ಸೌಂದರ್ಯಮೀಮಾಂಸೆಯನ್ನು ನಾನು ಎಂ.ಎ. ತರಗತಿಗಳಲ್ಲೂ ಕೇಳಿರಲಿಲ್ಲ. ಜ್ವರ ಬಂದಾಗ ಹೋಗದೆ ಇರುವ ಹಕ್ಕು ಇದ್ದರೆ ಅದು ಕಲೆ. ಇಲ್ಲದಿದ್ದರೆ ಊಳಿಗ.

ಈ ಅಳತೆಗೋಲನ್ನೇ ನಾನು ರಾಜಸ್ಥಾನಕ್ಕೂ ಹಿಡಿಯುತ್ತೇನೆ. ಕುಣಿಯುವ ಹಕ್ಕಿಗಿಂತ ಕುಣಿಯದಿರುವ ಹಕ್ಕು ಮೊದಲಿನದು. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ತಮ್ಮ ಜನರಿಗೆ ಸತ್ತ ದನದ ಮಾಂಸ ತಿನ್ನುವುದನ್ನು ಬಿಡಿ ಎಂದು ಕರೆಕೊಟ್ಟಾಗ ಅದರ ಹಿಂದಿದ್ದದ್ದು ಈ ನಿರಾಕರಣೆಯ ಹಕ್ಕೇ. ಒಂದು ಸಾರಿ ಇಲ್ಲ ಅನ್ನಲು ಕಲಿತ ಮೇಲೆ ಹೂಂ ಅನ್ನುವುದಕ್ಕೂ ಬೇರೆ ತೂಕ ಬರುತ್ತದೆ. ಕಾಲಬೇಲಿಯಾ ಹುಡುಗಿಯೊಬ್ಬಳು ಶಾಲೆಗೆ ಹೋಗಿ, ನರ್ಸೋ ಟೀಚರೋ ಆಗಿ, ಸಂಜೆ ಮನಸ್ಸು ಬಂದರೆ ಕುಣಿಯಬೇಕು. ಬಾರದಿದ್ದರೆ ಕಪ್ಪು ಲಂಗ ಪೆಟ್ಟಿಗೆಯಲ್ಲಿರಲಿ. ಅವಳು ಕುಣಿಯದೆ ಹೋದರೆ 'ಅಯ್ಯೋ ಪರಂಪರೆ ನಶಿಸಿತು' ಎಂದು ಗೋಳಾಡುವವರು ತಮ್ಮ ಮಕ್ಕಳ ಪೈಕಿ ಯಾರನ್ನು ಈ ಪರಂಪರೆ ಉಳಿಸಲು ಕಳಿಸುತ್ತಾರೆ ಎಂದು ಕೇಳಬೇಕು.

ಇದು ಬರೀ ದೂರದ ಮಾತಲ್ಲ. ಮಾರವಾಡದ ಕಡೆಯಿಂದ ದಕ್ಷಿಣಕ್ಕೆ ಬಂದವರೆಂದು ಹೇಳಲಾಗುವ ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ನಮ್ಮ ಸರ್ಕಾರಿ ಮೆರವಣಿಗೆಗಳಲ್ಲಿ ಕನ್ನಡಿ ಲಂಗ ತೊಟ್ಟ ಲಂಬಾಣಿ ಹೆಂಗಸರು ಮುಂದೆ ಕುಣಿಯುತ್ತಾರೆ. ಅದೇ ತಾಂಡಾದ ಎಷ್ಟೋ ಜನ ಕಬ್ಬು ಕಡಿಯಲು ಗುಳೆ ಹೋಗಿರುತ್ತಾರೆ. ಅತಿಥಿಗಳು ಕಾರಿಳಿಯುವ ತನಕ ಬಿಸಿಲಲ್ಲಿ ನಿಲ್ಲಿಸಿ, ಆಮೇಲೆ ಅವರ ಜೊತೆ ಫೋಟೋ ತೆಗೆಸಿಕೊಳ್ಳುವುದು ಇಲ್ಲಿಯೂ ಉಂಟು.

ಆದ್ದರಿಂದ ದಲಿತ ವಿಮರ್ಶೆ ಜನಪದ ನೃತ್ಯದ ಬಗ್ಗೆ ಬರೆಯುವಾಗ ಕೆಲವು ಕೆಲಸಗಳನ್ನು ಹಟ ಹಿಡಿದು ಮಾಡಬೇಕು ಅನಿಸುತ್ತದೆ. ನೃತ್ಯದ ಹೆಸರಿನ ಜೊತೆ ಜಾತಿಯ ಹೆಸರನ್ನು ಬರೆಯಬೇಕು. ಕುಣಿದವರ ಹೆಸರು ಬರೆಯಬೇಕು, ತಂಡದ ಮ್ಯಾನೇಜರನದು ಮಾತ್ರ ಸಾಲದು. ಕೂಲಿ ಎಷ್ಟು ಎಂದು ಕೇಳಬೇಕು. ನೋಡುವವರು ಎಲ್ಲಿ ಕೂತಿದ್ದರು, ಕುಣಿದವರಿಗೆ ಊಟ ಎಲ್ಲಿ ಹಾಕಿದರು ಎಂದು ನೋಡಬೇಕು. ಇವೆಲ್ಲ ಕಲೆಗೆ ಹೊರಗಿನ ಮಾತು ಎಂದು ಹೇಳುವವರು ಹೇಳಲಿ. ಹೆಜ್ಜೆ, ಲಯ, ಮುದ್ರೆಗಳ ಸೂಕ್ಷ್ಮವನ್ನೂ ನಾವು ಬಿಡಬೇಕಿಲ್ಲ. ಹದಿಮೂರು ತಾಳಗಳನ್ನು ಕೂತಲ್ಲೇ ನುಡಿಸುವ ಹೆಂಗಸಿನ ಗಣಿತ ಯಾವ ಶಾಸ್ತ್ರೀಯ ಲಯಕ್ಕೂ ಕಡಿಮೆಯದಲ್ಲ. ಆ ಗಣಿತವನ್ನು ವಿವರಿಸುವವರು ಆಕೆಯ ಮಗಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟಳು ಎಂಬುದನ್ನೂ ಅದೇ ಪುಟದಲ್ಲಿ ಬರೆಯಲಿ.